ಪಂಕ್ತಿಯಿಂದ ಎದ್ದ ಪೇತ್ರ



ಈ ದತ್ತಿ ಉಪನ್ಯಾಸಕ್ಕೆ ಆಹ್ವಾನ ಕೊಡಲು ಬಂದವರು ದತ್ತಿಯ ಷರತ್ತನ್ನು ಮೊದಲೇ ತಿಳಿಸಿದರು. ಮಾತಾಡುವವನು ತನ್ನ ಧರ್ಮದ ವಿಷಯ ಮಾತಾಡಬಹುದು, ಆದರೆ ಹೊಗಳಕೂಡದು. ಹೊರಗಿನವರು ಆ ಧರ್ಮವನ್ನು ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಅದಕ್ಕೆ ಉತ್ತರ ಹೇಳಬೇಕು. ಇಂಥ ಷರತ್ತು ಹಾಕಿ ದತ್ತಿಯನ್ನು ಸ್ಥಾಪಿಸಿದ ಹಿರಿಯರನ್ನು ನಾನು ನೋಡಿಲ್ಲ, ನೋಡಿದ್ದರೆ ನಮಸ್ಕಾರ ಮಾಡುತ್ತಿದ್ದೆ. ನನಗೆ ಪ್ರಶ್ನೆಯನ್ನು ಹುಡುಕಿಕೊಂಡು ಹೋಗುವ ಕಷ್ಟವೇ ಬರಲಿಲ್ಲ. ಅದು ನನ್ನ ಕಿವಿಯಲ್ಲಿ ಎಷ್ಟೋ ವರ್ಷಗಳಿಂದ ಕೂತಿದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವನು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಗಣಿತದ ಮೇಷ್ಟ್ರದು. ಒಂದು ಡಿಸೆಂಬರಿನಲ್ಲಿ ಅವರಿಗೆ ಕೇಕು ಕೊಟ್ಟು, ಕ್ರಿಸ್ಮಸ್ ಹಾಡಿನ ಕಾರ್ಯಕ್ರಮಕ್ಕೆ ಬನ್ನಿ ಎಂದು ಕರೆದೆ. ಮಾತು ಹಾಗೇ ಬೆಳೆಯಿತು. ಯೇಸು ಹೇಳಿದ ಕ್ಷಮೆಯ ವಿಷಯ ಬಂತು, ನಾನು ಸ್ವಲ್ಪ ಹುರುಪಿನಲ್ಲೇ ಹೇಳಿದೆ. ಅವರು ಪೂರ್ತಿ ಕೇಳಿದರು. ಟಿಫಿನ್ ಡಬ್ಬಿಯ ಮುಚ್ಚಳ ಹಾಕಿ, "ಕ್ಷಮೆ ಬಗ್ಗೆ ಚೆನ್ನಾಗಿ ಹೇಳಿದಿರಿ ಮೇಷ್ಟ್ರೇ. ನಿಮ್ಮ ಚರ್ಚಿನೋರು ಒಬ್ಬರ ಮೇಲೊಬ್ಬರು ಹಾಕಿಕೊಂಡಿರೋ ಕೇಸು ಈಗ ಎಷ್ಟಿದೆ?" ಎಂದರು. ಅವರ ತಮ್ಮ ವಕೀಲರೊಬ್ಬರ ಹತ್ತಿರ ಗುಮಾಸ್ತ. ಸಂಖ್ಯೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ನಾನು ಆಗ ಕೊಟ್ಟ ಉತ್ತರ ನಮ್ಮವರೆಲ್ಲ ಕೊಡುವ ಉತ್ತರವೇ. "ಮನುಷ್ಯರು ಅಂದಮೇಲೆ ತಪ್ಪು ಇದ್ದದ್ದೇ ಸಾರ್. ನಮ್ಮನ್ನ ನೋಡಬೇಡಿ, ಯೇಸುವನ್ನ ನೋಡಿ" ಎಂದೆ.

"ನೋಡೋಣ ಅಂದ್ರೆ ನೀವು ಅಡ್ಡ ನಿಂತಿದ್ದೀರಲ್ಲ" ಎಂದರು ಅವರು. ಕೋಪದಿಂದೇನೂ ಹೇಳಲಿಲ್ಲ. ಗಂಟೆ ಹೊಡೆಯಿತು, ಇಬ್ಬರೂ ಕ್ಲಾಸಿಗೆ ಹೋದೆವು.

ಕ್ರೈಸ್ತನೊಬ್ಬ ತನ್ನ ನಂಬಿಕೆಯ ಮಾತು ಎತ್ತಿದ ಕೂಡಲೇ ಎದುರಿನವನು 'ನೀವು ಹೇಳೋದು ಒಂದು, ಮಾಡೋದು ಇನ್ನೊಂದು' ಅಂದರೆ ಏನು ಮಾಡಬೇಕು? ಇಂದಿನ ವಿಷಯ ಇಷ್ಟೇ. ಇದಕ್ಕೆ ಜಾಣ ಉತ್ತರಗಳನ್ನು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ, ಅಂಥವನ್ನು ಕೆಲವು ನಾನೂ ಓದಿದ್ದೇನೆ. ಇವತ್ತು ಹೇಳಲು ಬಂದಿರುವುದು ಆ ಜಾಣತನಕ್ಕೆ ವಿರುದ್ಧವಾದ ಮಾತು.

ಮೊದಲು ನಮ್ಮ ಭಾಷೆಯ ಕಡೆ ಒಮ್ಮೆ ನೋಡಿ. ಕಪಟಿ, ಡಾಂಭಿಕ, ಸೋಗಲಾಡಿ, ಬೂಟಾಟಿಕೆಯವನು, ಬಕಧ್ಯಾನಿ, ಗೋಮುಖವ್ಯಾಘ್ರ. ಪಂಚತಂತ್ರದಲ್ಲಿ ಶಿಷ್ಯನ ವೇಷದಲ್ಲಿ ಬಂದು ಗುರುವಿನ ಹಣದ ಗಂಟು ಹೊಡೆದುಕೊಂಡು ಹೋದ ಆಷಾಢಭೂತಿಯ ಹೆಸರೇ ನಮ್ಮಲ್ಲಿ ಬೈಗುಳವಾಗಿ ನಿಂತಿದೆ. ಪುರಾಣದ ಬದನೆಕಾಯಿಯಂತೂ ಪ್ರತಿ ಮನೆಯ ಮಾತಿನಲ್ಲೂ ಉಂಟು. ಇಷ್ಟು ಪದಗಳು ಸುಮ್ಮನೆ ಹುಟ್ಟುವುದಿಲ್ಲ, ಈ ಜನ ಆ ಸರಕನ್ನು ಬಹುಕಾಲ ಕಂಡಿದ್ದಾರೆ. ವಚನಕಾರರು ಕಲ್ಲಿನ ಹಾವಿಗೂ ನಿಜವಾದ ಹಾವಿಗೂ ಜನ ಮಾಡುವ ಭೇದವನ್ನು ತೋರಿಸಿ ಬೈದರು. ದಾಸರು ಹೊಟ್ಟೆಪಾಡಿಗಾಗಿ ಹೊದ್ದ ವೈರಾಗ್ಯವನ್ನು ಬೀದಿಯಲ್ಲೇ ಹಾಡಿ ನಕ್ಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಬಳ್ಳಾರಿಯ, ಧಾರವಾಡದ, ಮಂಗಳೂರಿನ ಸಂತೆಗಳಲ್ಲಿ ನಿಂತು ಸುವಾರ್ತೆ ಸಾರುವಾಗ ಎದುರಿಗಿದ್ದವರು ಈ ಪಾಠಶಾಲೆಯಲ್ಲಿ ಕಲಿತವರು. ಹೇಳುವವನ ಬಾಯನ್ನು ಕೇಳುತ್ತ ಕೈಯನ್ನು ನೋಡುವುದು ಅವರಿಗೆ ಅಭ್ಯಾಸವಾಗಿತ್ತು.

'ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ' ಎಂಬ ಗಾದೆಯನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಇರುಸುಮುರುಸು. ಯೇಸು ತನ್ನ ಮೊದಲ ಶಿಷ್ಯರನ್ನು ಕರೆದದ್ದೇ ಮನುಷ್ಯರನ್ನು ಹಿಡಿಯುವ ಬೆಸ್ತರಾಗಲು. ಕನ್ನಡದ ಕಿವಿಗೆ ಅದು ಹೇಗೆ ಕೇಳಿಸೀತು ನೀವೇ ಯೋಚಿಸಿ! 'ಅವರು ಹಾಕುತ್ತಿದ್ದದ್ದು ಬಲೆ, ಗಾಳವಲ್ಲ' ಎಂದು ಒಮ್ಮೆ ಭಾನುವಾರದ ಶಾಲೆಯಲ್ಲಿ ಸಮಾಧಾನ ಹೇಳಿದೆ. ಮೀನಿಗೆ ಅದರಿಂದ ಏನು ಲಾಭ ಅಂತ ಒಬ್ಬ ಹುಡುಗ ಕೇಳಿದ. ಆ ಹುಡುಗ ಈಗ ಎಂಜಿನಿಯರು.

ಕನ್ನಡ ಬೈಬಲಿನಲ್ಲಿ 'ಕಪಟಿ' ಎಂದು ಬರುವ ಕಡೆ ಗ್ರೀಕ್ ಮೂಲದಲ್ಲಿರುವುದು 'ಹಿಪೊಕ್ರಿತೇಸ್' ಎಂಬ ಪದ. ರಂಗದ ಮೇಲೆ ಪಾತ್ರ ಮಾಡುವ ನಟ ಎಂದು ಅದರ ಅರ್ಥ. ಕರಾವಳಿಯವರು ಬೇಸರಪಟ್ಟುಕೊಳ್ಳಬಾರದು, ನಟನ ಮೇಲೆ ನನಗೆ ದೂರಿಲ್ಲ. ಯಕ್ಷಗಾನದ ವೇಷಧಾರಿ ರಾತ್ರಿಯಿಡೀ ರಾವಣನಾಗಿ ಕುಣಿದು, ಬೆಳಗಿನ ಜಾವ ಚೌಕಿಗೆ ಬಂದು ಬಣ್ಣ ತೆಗೆಯುತ್ತಾನೆ. ಅವನು ರಾವಣನಲ್ಲ ಎಂಬುದು ಅವನಿಗೂ ಗೊತ್ತು, ನೋಡಿದವರಿಗೂ ಗೊತ್ತು, ಅಲ್ಲಿ ಮೋಸವಿಲ್ಲ. ಕಿರೀಟ ಇಟ್ಟುಕೊಂಡೇ ಊರೊಳಗೆ ಬಂದು ಕಂದಾಯ ಕೇಳಿದರೆ ಆಗ ಅದು ಕಪಟ. ಈ ಪದವನ್ನು ಬೈಗುಳವಾಗಿ ಸುವಾರ್ತೆಗಳಲ್ಲಿ ಮತ್ತೆ ಮತ್ತೆ ಬಳಸಿದವನು ಯೇಸು. ಹೆಚ್ಚಾಗಿ ಬಳಸಿದ್ದೂ ತನ್ನದೇ ಜನಾಂಗದ, ತನ್ನದೇ ಶಾಸ್ತ್ರ ಓದಿದ ಭಕ್ತರ ಮೇಲೆ. ಬೀದಿಯಲ್ಲಿ ತುತ್ತೂರಿ ಊದಿಸಿ ದಾನ ಕೊಡುವವರ ಮೇಲೆ, ಜನ ನೋಡಲೆಂದು ಮುಖ ಬಾಡಿಸಿಕೊಂಡು ಉಪವಾಸ ಮಾಡುವವರ ಮೇಲೆ. ಹಾಗಾಗಿ ಗಣಿತದ ಮೇಷ್ಟ್ರು ನನ್ನ ಮೇಲೆ ಎತ್ತಿದ ಕೋಲು ನಮ್ಮ ಮನೆಯದೇ. ಅವರಿಗೆ ಗೊತ್ತಿಲ್ಲದೆಯೇ ಅವರು ನಮ್ಮ ಗುರುವಿನ ಪಕ್ಕದಲ್ಲಿ ನಿಂತಿದ್ದರು.

ಈಗ ಅಂತಿಯೋಕ್ಯಕ್ಕೆ ಹೋಗೋಣ. ಇಂದಿನ ತುರ್ಕಿಯ ದಕ್ಷಿಣದ ಅಂಚಿನ ಊರು. ಕ್ರೈಸ್ತರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಿದ್ದದ್ದೇ ಅಲ್ಲಿ ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಯೇಸು ತೀರಿದ ಮೇಲೆ ಇನ್ನೂ ಎರಡು ದಶಕವೂ ದಾಟಿರಲಿಕ್ಕಿಲ್ಲ. ಅಲ್ಲಿನ ಸಭೆಯಲ್ಲಿ ಯೆಹೂದ್ಯರೂ ಇದ್ದರು, ಅವರು ಅನ್ಯಜನರು ಎಂದು ಕರೆಯುತ್ತಿದ್ದ ಗ್ರೀಕರೂ ಇದ್ದರು. ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಹನ್ನೆರಡು ಶಿಷ್ಯರಲ್ಲಿ ಮುಖಂಡನಾದ ಪೇತ್ರ ಅಲ್ಲಿಗೆ ಬಂದವನು ಆ ಪಂಕ್ತಿಯಲ್ಲೇ ಕೂತು ಉಂಡ. ಆಮೇಲೆ ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಕೆಲವರು ಬಂದರು, ಮಡಿಯಲ್ಲಿ ಕಟ್ಟುನಿಟ್ಟಾದವರು. ಪೇತ್ರ ಮೆಲ್ಲಗೆ ಪಂಕ್ತಿಯಿಂದ ಎದ್ದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಒಳ್ಳೆಯವನೆಂದು ಹೆಸರಾದ ಬಾರ್ನಬನೂ ಎದ್ದ. ಪೇತ್ರನಿಗಿಂತ ಆಮೇಲೆ ಸಭೆಗೆ ಬಂದ ಅಪೊಸ್ತಲ ಪೌಲ ಎಲ್ಲರ ಮುಂದೆಯೇ ಅವನನ್ನು ಹಿಡಿದು ಕೇಳಿದ. ಗಲಾತ್ಯದವರಿಗೆ ಪೌಲ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಇದು ಇದೆ, ಅಲ್ಲಿ ಪೌಲ ಬಳಸುವ ಪದ ಅದೇ ನಟನ ಪದ. ಪೇತ್ರನ ಜೊತೆ ಉಳಿದವರೂ ವೇಷ ಕಟ್ಟಿದರು ಎಂಬ ಅರ್ಥದಲ್ಲಿ.

ಈ ಪ್ರಸಂಗವನ್ನು ಜರ್ಮನಿಯವರೂ ಇಂಗ್ಲೆಂಡಿನವರೂ ನೂರಾರು ಪುಟ ವ್ಯಾಖ್ಯಾನ ಮಾಡಿದ್ದಾರೆ. ಅರ್ಥ ಮಾಡಿಕೊಳ್ಳಲು ನಮಗೆ ಅಷ್ಟೆಲ್ಲ ಬೇಡ. ಪಂಕ್ತಿಭೇದ ಎಂದರೆ ಏನು ಎಂದು ಕರ್ನಾಟಕದಲ್ಲಿ ಹುಟ್ಟಿದವನಿಗೆ ಯಾರೂ ವಿವರಿಸಬೇಕಾಗಿಲ್ಲ. ಯಾರು ಯಾರ ಪಕ್ಕ ಎಲೆ ಹಾಕಿಸಿಕೊಂಡರು, ನೆಂಟರು ಬಂದಾಗ ಯಾರು ಎದ್ದರು, ಎದ್ದಮೇಲೆ ಅಲ್ಲಿ ಉಳಿದವನ ಮುಖ ಹೇಗಾಯಿತು, ಇದು ನಮಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕ್ರೈಸ್ತ ಸಭೆಯೊಳಗೆ ಕಪಟದ ಆರೋಪ ಹೀಗೆ ಹೆಸರು ಹಿಡಿದು, ಎಲ್ಲರೆದುರು ಬಂದದ್ದು ಊಟದ ಎಲೆಯ ಮುಂದೆ ಎಂಬುದನ್ನು ನಾವು ಮರೆಯಬಾರದು.

ಪೇತ್ರ ಏನೆಂದು ಉತ್ತರ ಕೊಟ್ಟ? ಪತ್ರಿಕೆಯಲ್ಲಿ ಇಲ್ಲ. ಪೌಲ ಅದನ್ನು ಬರೆದಿಲ್ಲ.

ಆ ಖಾಲಿ ಜಾಗವನ್ನು ತುಂಬಲು ಹೊರಟವರಿಂದಲೇ ತೊಂದರೆ ಶುರುವಾಯಿತು. ಮೂರನೆಯ ಶತಮಾನದಲ್ಲಿ ಪೋರ್ಫಿರಿ ಎಂಬ ಗ್ರೀಕ್ ತತ್ತ್ವಜ್ಞಾನಿ ಕ್ರೈಸ್ತರ ವಿರುದ್ಧ ದೊಡ್ಡ ಗ್ರಂಥವೊಂದನ್ನು ಬರೆದ. ಅವನ ಕೈಗೆ ಈ ಅಂತಿಯೋಕ್ಯದ ಜಗಳ ಸಿಕ್ಕಿತು. ನಿಮ್ಮ ಇಬ್ಬರು ದೊಡ್ಡವರೇ ಹೀಗೆ ಕಚ್ಚಾಡಿದರು, ಒಬ್ಬ ಅಳುಕಿದ, ಇನ್ನೊಬ್ಬ ಹೀಯಾಳಿಸಿದ, ನಿಮ್ಮ ಉಪದೇಶಕ್ಕೆ ಏನು ಬೆಲೆ ಎಂಬ ಧಾಟಿಯ ಟೀಕೆ. ಇದಕ್ಕೆ ಉತ್ತರ ಕೊಡಬೇಕೆಂದು ಹೊರಟವನು ಬೇತ್ಲೆಹೇಮಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಜೆರೋಮ್, ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಮಹಾಪಂಡಿತ. ಅವನು ಕೊಟ್ಟ ಉತ್ತರ, ಒರಿಗೆನನಂಥ ಹಿಂದಿನವರಿಂದ ಬಂದದ್ದು, ಹೀಗಿತ್ತು: ಪೇತ್ರ ನಿಜವಾಗಿ ತಪ್ಪಿದ್ದಲ್ಲ, ಪೌಲ ನಿಜವಾಗಿ ಗದರಿದ್ದಲ್ಲ. ಇಬ್ಬರೂ ಜನರಿಗೆ ಪಾಠ ಕಲಿಸಲೆಂದು ಹಾಗೆ ಮಾಡಿದಂತೆ ತೋರಿಸಿದರು. ಅಂದರೆ ಪೇತ್ರ ವೇಷ ಹಾಕಿದ ಎಂಬ ಆರೋಪದಿಂದ ಅವನನ್ನು ಬಿಡಿಸಲು ಜೆರೋಮ್ ಪೌಲನಿಗೂ ವೇಷ ಹಾಕಿಸಿದ! ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಒಂದು ತಪ್ಪನ್ನು ಮುಚ್ಚಲು ಎರಡು ತಪ್ಪು ಬರೆಯುವ ಹುಡುಗರನ್ನು ನಾನು ಕಂಡಿದ್ದೇನೆ, ಆದರೆ ಅವರು ಯಾರೂ ಇಷ್ಟು ದೊಡ್ಡ ಪಂಡಿತರಾಗಿರಲಿಲ್ಲ.

ಉತ್ತರ ಆಫ್ರಿಕದ ಹಿಪ್ಪೊ ಎಂಬ ಊರಿನಲ್ಲಿದ್ದ ಅಗಸ್ಟೀನನಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ. ಜೆರೋಮನಿಗಿಂತ ವಯಸ್ಸಿನಲ್ಲಿ ಚಿಕ್ಕವನು, ಆದರೂ ಪತ್ರ ಬರೆದ. ಆ ಪತ್ರಗಳ ಕತೆಯೇ ಒಂದು ತಮಾಷೆ. ಮೊದಲನೆಯದು ಹೊತ್ತಿಗೆ ತಲುಪಲೇ ಇಲ್ಲ. ಇನ್ನೊಂದು ಜೆರೋಮನ ಕೈಸೇರುವ ಮೊದಲೇ ರೋಮಿನಲ್ಲಿ ಅವರಿವರ ಕೈಯಲ್ಲಿ ಓಡಾಡಿ, ಮುದುಕನಿಗೆ ಸಿಟ್ಟು ತರಿಸಿತು. ಸುಮಾರು ಹತ್ತು ವರ್ಷ ಈ ವಾದ ನಡೆಯಿತು. ಅಗಸ್ಟೀನನ ವಾದದ ತಿರುಳು ಇಷ್ಟು: ಪೇತ್ರ ತಪ್ಪಿದ್ದು ನಿಜ, ಪೌಲ ತಿದ್ದಿದ್ದೂ ನಿಜ. ಒಳ್ಳೆಯ ಉದ್ದೇಶದ ಸುಳ್ಳೊಂದು ಶಾಸ್ತ್ರದಲ್ಲಿದೆ ಎಂದು ಒಪ್ಪಿದರೆ ಆಮೇಲೆ ಅದರ ಯಾವ ಮಾತನ್ನು ನಂಬುವುದು? ಅವನಿಗೆ ಪೇತ್ರ ದೊಡ್ಡವನಾಗಿ ಕಂಡದ್ದು ತನಗಿಂತ ಆಮೇಲೆ ಬಂದವನ ತಿದ್ದುಪಡಿಯನ್ನು ಸಹಿಸಿಕೊಂಡಿದ್ದಕ್ಕಾಗಿ.

ನಂಬಿಕೆಯ ಸಮರ್ಥನೆ ಎಂಬ ವಿದ್ಯೆಗೆ ಈ ಎರಡು ದಾರಿಗಳು ಅಂದಿನಿಂದ ಇವೆ. ನಮ್ಮವರು ಬಹುಪಾಲು ಜೆರೋಮನ ದಾರಿ ಹಿಡಿದರು ಎಂಬುದು ನನ್ನ ದುಃಖ.

ದೂರದ ಉದಾಹರಣೆ ಬೇಡ. ಚೆನ್ನೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರವಿ ಜಕರಾಯಸ್ ಕ್ರೈಸ್ತ ನಂಬಿಕೆಯ ಸಮರ್ಥನೆಯಲ್ಲಿ ಜಗತ್ತಿಗೇ ಹೆಸರಾದ ಭಾಷಣಕಾರ. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಅವರ ಪುಸ್ತಕಗಳಿವೆಯೋ, ನಮ್ಮ ಮನೆಯಲ್ಲೂ ಎರಡಿವೆ. 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಮಾರನೆಯ ವರ್ಷದ ಫೆಬ್ರವರಿಯಲ್ಲಿ, ಅವರದೇ ಸಂಸ್ಥೆ ನೇಮಿಸಿದ ವಕೀಲರ ತನಿಖೆಯ ವರದಿ ಹೊರಬಂತು. ವರ್ಷಗಟ್ಟಲೆ ಹೆಂಗಸರ ಮೇಲೆ ನಡೆದ ಲೈಂಗಿಕ ದುರ್ವರ್ತನೆಯನ್ನು ಅದು ಸ್ಥಿರಪಡಿಸಿತು. ಅವರು ಬದುಕಿದ್ದಾಗ, 2017ರಲ್ಲೇ, ಒಬ್ಬ ಮಹಿಳೆಯ ದೂರು ಬಂದಿತ್ತು. ಆಗ ಸಂಸ್ಥೆ ನಿಂತದ್ದು ಅವರ ಪಕ್ಕದಲ್ಲಿ. ನಾಸ್ತಿಕರ ಪ್ರಶ್ನೆಗಳಿಗೆಲ್ಲ ಉತ್ತರ ತಯಾರಿಟ್ಟುಕೊಂಡಿದ್ದ ಸಂಸ್ಥೆ ಒಬ್ಬ ಹೆಂಗಸಿನ ದೂರನ್ನು ನೆಟ್ಟಗೆ ಕೇಳಿಸಿಕೊಳ್ಳಲಿಲ್ಲ. ಆ ಎರಡು ಪುಸ್ತಕಗಳನ್ನು ನಾನು ಎಸೆದಿಲ್ಲ. ತೆಗೆದು ಓದಿಯೂ ಇಲ್ಲ.

ಮತ್ತೆ ಪಂಕ್ತಿಗೆ ಬರೋಣ, ಏಕೆಂದರೆ ದಕ್ಷಿಣ ಭಾರತದಲ್ಲಿ ನಮ್ಮ ಮೇಲಿರುವ ನಿಜವಾದ ಆರೋಪ ಅಲ್ಲೇ ಇದೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು, ತಮಿಳು ಸಂಸ್ಕೃತ ಕಲಿತು ಬ್ರಾಹ್ಮಣರ ನಡುವೆ ಬದುಕಿದ ಜೆಸೂಯಿಟ್ ಪಾದ್ರಿ. ಅವನ ಧೈರ್ಯ ದೊಡ್ಡದು. ಆದರೆ ಅವನ ದಾರಿಯಲ್ಲಿ ಮುಂದೆ ಮೇಲ್ಜಾತಿಗೆ ಬೇರೆ ಪಾದ್ರಿ, ಕೆಳಜಾತಿಗೆ ಬೇರೆ ಪಾದ್ರಿ ಎಂದಾಯಿತು. ಪ್ರಾಟೆಸ್ಟೆಂಟರು ಏನು ಕಡಿಮೆ? 1706ರಲ್ಲಿ ಶುರುವಾದ ತರಂಗಂಬಾಡಿಯ ಮಿಷನ್ನಿನ ದೇವಾಲಯದಲ್ಲೂ ಕೂರುವ ಜಾಗ ಬೇರೆ ಬೇರೆಯಾಗಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸುತ್ತೋಲೆ ಕಳಿಸಿ ಸಭೆಯಲ್ಲಿ ಜಾತಿ ಇರಕೂಡದು, ಕೂಡಲೇ ಬಿಡಬೇಕು ಎಂದಾಗ ಮದರಾಸಿನ ವೇಪೇರಿಯಲ್ಲಿ, ತಂಜಾವೂರಿನಲ್ಲಿ ಸಭೆಗಳು ಒಡೆದವು. ತಂಜಾವೂರಿನ ದೊಡ್ಡ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಗಳೇ ಆ ಆಜ್ಞೆಯನ್ನು ವಿರೋಧಿಸಿದವರಲ್ಲಿ ಒಬ್ಬರು. ಬಿಷಪರ ಧಾಟಿಯಲ್ಲಿ ದೊರೆತನದ ಸದ್ದು ಇದ್ದದ್ದೂ ನಿಜ, ಜಾತಿಯನ್ನು ಬಿಡಲು ಹೇಳುವ ಇಂಗ್ಲಿಷರು ತಮ್ಮ ಊಟದ ಮೇಜಿಗೆ ಈ ದೇಶದವರನ್ನು ಕರೆಯುತ್ತಿರಲಿಲ್ಲ ಎಂಬುದೂ ನಿಜ. ಇಬ್ಬರೂ ಪಂಕ್ತಿಯಿಂದ ಎದ್ದವರೇ.

ನಮ್ಮ ಕಡೆಯ ಬಾಸೆಲ್ ಮಿಷನ್ ಈ ವಿಷಯದಲ್ಲಿ ಗಟ್ಟಿ ನಿಂತಿತು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗರಿಂದ ಮರುವರ್ಷ ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರು ಸಿಡಿದೆದ್ದಿತು. ಹುಡುಗನ ನಂಬಿಕೆ ಬದಲಾದದ್ದಕ್ಕಿಂತ ಅವನು ಯಾರ ಜೊತೆ ಕೂತು ಉಣ್ಣುತ್ತಾನೆ ಎಂಬುದೇ ಊರಿಗೆ ಹೆಚ್ಚು ನೋವು ಕೊಟ್ಟಿರಬೇಕು ಎಂದು ನನ್ನ ಊಹೆ. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಹಿಂತಿರುಗಿದರು. ಕೊಡಗಿನಲ್ಲಿ ದಲಿತ ಕುಟುಂಬಗಳಿಗಾಗಿ ಎದ್ದ ಕ್ರೈಸ್ತ ನೆಲೆಗೆ ಆನಂದಪುರ ಎಂದು ಅವರ ಹೆಸರೇ ಬಂತು. ಇದನ್ನು ಹೆಮ್ಮೆಯಿಂದ ಹೇಳಬೇಕೆನ್ನಿಸುತ್ತದೆ. ಆದರೆ ಷರತ್ತು ನೆನಪಿದೆ, ಹೊಗಳುವಂತಿಲ್ಲ. ಹೊಗಳಿದರೂ ನಿಲ್ಲುವುದಿಲ್ಲ, ಆನಂದಪುರದ ಕತೆಯನ್ನು ಹೇಳುವ ನಮ್ಮ ಮನೆಗಳಲ್ಲೇ ಮಗಳಿಗೆ ಗಂಡು ನೋಡುವಾಗ 'ಅವರು ಮೂಲದಲ್ಲಿ ಯಾವ ಜನ' ಎಂದು ಮೆಲುದನಿಯಲ್ಲಿ ಕೇಳುತ್ತಾರೆ. ನಾನೂ ಅಂಥ ಮಾತು ನಡೆದ ಹಜಾರದಲ್ಲಿ ಕೂತಿದ್ದೇನೆ. ಎದ್ದು ಬರಲಿಲ್ಲ.

ತಿರುಚ್ಚಿಯ ಮೇಲಪುದೂರಿನ ಕ್ಯಾಥೋಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳಿಗೂ ಉಳಿದವರ ಗೋರಿಗಳಿಗೂ ನಡುವೆ ಗೋಡೆ ಇರುವುದು ದೇಶಕ್ಕೆಲ್ಲ ಗೊತ್ತಿರುವ ಸಂಗತಿ. ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಪತ್ರ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ತಾನೇ ಒಪ್ಪಿಕೊಂಡಿತು. ಗೋರಿಯೊಳಗೂ ಪಂಕ್ತಿಭೇದ! ಪೇತ್ರನಿಗೆ ಇಷ್ಟು ದೂರದ ಯೋಚನೆ ಬಂದಿರಲಾರದು.

ಇಲ್ಲಿ ಒಂದು ಸೂಕ್ಷ್ಮವಿದೆ, ನಮ್ಮವರಿಗೆ ಇದು ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಇದು ಅನ್ಯಾಯ, ಇದನ್ನು ತೆಗೆಯಬೇಕು ಎಂದು 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳಿವೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನೂ ನೇಮಿಸಿತು. ಆ ಬೇಡಿಕೆ ನ್ಯಾಯವಾದದ್ದು, ನಾನು ಅದರ ಪರ. ಆದರೆ ನ್ಯಾಯಾಲಯದಲ್ಲಿ ನಾವು 'ನಮ್ಮಲ್ಲೂ ಜಾತಿ ಇದೆ, ಧರ್ಮ ಬದಲಾದರೂ ಅವಮಾನ ಬದಲಾಗಲಿಲ್ಲ' ಎನ್ನುತ್ತೇವೆ. ಬೀದಿಯಲ್ಲಿ ಸುವಾರ್ತೆ ಹೇಳುವಾಗ 'ನಮ್ಮಲ್ಲಿ ಜಾತಿ ಇಲ್ಲ, ಬನ್ನಿ' ಎನ್ನುತ್ತೇವೆ. ಎರಡನ್ನೂ ಕೇಳಿದವನು ನಮ್ಮನ್ನು ಏನೆಂದು ಕರೆಯಬೇಕು? ಎರಡರಲ್ಲಿ ನಿಜವಾದದ್ದು ಕೋರ್ಟಿನ ಮಾತು. ಬೀದಿಯಲ್ಲೂ ಅದನ್ನೇ ಹೇಳಿದರೆ ಕೇಳುವವರು ಕಡಿಮೆಯಾಗಬಹುದು, ಆದರೆ ಹೇಳಿದವನ ನಾಲಗೆ ಒಂದೇ ಆಗಿರುತ್ತದೆ.

'ನಾವು ಪರಿಪೂರ್ಣರಲ್ಲ, ಕ್ಷಮೆ ಪಡೆದವರು ಅಷ್ಟೇ' ಎಂಬ ಮಾತು ನಮ್ಮಲ್ಲಿ ಬಹಳ ಚಲಾವಣೆಯಲ್ಲಿದೆ. ಕಾರಿನ ಹಿಂದೆ ಅಂಟಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ಸತ್ಯವಿದೆ. ಎಡವಿ ಬಿದ್ದೆ ಎಂದು ಒಪ್ಪುವವನು ಕಪಟಿಯಲ್ಲ, ಬಿದ್ದೇ ಇಲ್ಲ ಎಂಬಂತೆ ಧೂಳು ಕೊಡವಿಕೊಂಡು ನಡೆಯುವವನು ಕಪಟಿ. ದಾವೀದ ಅರಸ ಪರಸ್ತ್ರೀಯನ್ನು ತಂದು, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವ ಜಾಗಕ್ಕೆ ಕಳಿಸಿದ. ನಾತಾನ ಪ್ರವಾದಿ ಬಂದು ಕುರಿಮರಿಯ ಕತೆ ಹೇಳಿ ಅವನೆದೆಗೆ ಬೆರಳು ತೋರಿಸಿದಾಗ, ಅರಸ ನೆಪ ಹೇಳದೆ ತಪ್ಪೊಪ್ಪಿಕೊಂಡ. ಆದರೆ ಈ ಭೇದವನ್ನೇ ನೆಪವಾಗಿ ಮಾಡಿಕೊಂಡವರಿದ್ದಾರೆ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಅಂಥವನೊಬ್ಬನ ಪ್ರಸಂಗ ಬರೆದಿದ್ದಾರೆ. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ಇಪ್ಪತ್ತರ ಹರಯದ ಗಾಂಧಿಯ ಸುತ್ತ ಕ್ರೈಸ್ತ ಸ್ನೇಹಿತರು. ಅವರನ್ನು ಗೆಲ್ಲಬೇಕೆಂದು ಎಲ್ಲರಿಗೂ ಪ್ರೀತಿಯ ಹಟ. ಪ್ಲಿಮತ್ ಬ್ರೆದರನ್ ಪಂಗಡದವನೊಬ್ಬ ವಾದ ಹೂಡಿದ: ಮನುಷ್ಯ ಪಾಪ ಮಾಡದೆ ಇರಲಾರ, ದಿನವೂ ತಪ್ಪು ಎಣಿಸುತ್ತ ನರಳುವುದು ಏಕೆ, ಯೇಸು ಎಲ್ಲವನ್ನೂ ಹೊತ್ತಿದ್ದಾನೆ, ನಂಬು, ನೆಮ್ಮದಿಯಾಗಿರು. ಗಾಂಧಿ ಹೇಳಿದ್ದು, ತನಗೆ ಪಾಪದ ಫಲದಿಂದ ಬಿಡುಗಡೆ ಬೇಡ, ಪಾಪದಿಂದಲೇ ಬಿಡುಗಡೆ ಬೇಕು ಎಂಬರ್ಥದ ಮಾತು. ಆ ಮಿತ್ರ ಆಮೇಲೆ ತಿಳಿದೂ ತಿಳಿದೂ ತಪ್ಪು ಮಾಡಿ, ಅದರಿಂದ ತನ್ನ ಮನಸ್ಸು ಕದಡಿಲ್ಲ ಎಂದು ತೋರಿಸಿದನಂತೆ.

ಈ ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಅಲ್ಲಿ ಕ್ರಿಸ್ತನ ಪರ್ವತಪ್ರಸಂಗವನ್ನು ಅರ್ಥ ಮಾಡಿಕೊಂಡವರು ಯಾರು ಎಂದು ಕೇಳಿದರೆ ಉತ್ತರ ಹೇಳಲು ನನಗೆ ನಾಚಿಕೆಯಾಗುತ್ತದೆ. ಆ ಪ್ಲಿಮತ್ ಮಿತ್ರ ಕಪಟಿಯೂ ಅಲ್ಲ. ಮುಚ್ಚಿಡುವ ಕಷ್ಟವನ್ನೂ ಅವನು ತೆಗೆದುಕೊಳ್ಳಲಿಲ್ಲ. ಕಪಟಿಗಾದರೂ ಒಳ್ಳೆಯದರ ಮೇಲೆ ಒಂದಿಷ್ಟು ಹೆದರಿಕೆ ಇರುತ್ತದೆ.

ಗಾಂಧೀಜಿ ಕ್ರಿಸ್ತನನ್ನು ಮೆಚ್ಚಿ ಕ್ರೈಸ್ತರನ್ನು ಒಲ್ಲೆನೆಂದರು ಎಂಬರ್ಥದ ಮಾತೊಂದು ಎಲ್ಲೆಡೆ ಅವರ ಹೆಸರಿನಲ್ಲಿ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಆದ್ದರಿಂದ ಅದನ್ನು ಬಳಸಬೇಡಿ. ಆಧಾರವಿರುವ ಮಾತು ಇನ್ನೂ ಹರಿತವಾಗಿದೆ. 1907ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮಿಷನರಿ ಸ್ಟ್ಯಾನ್ಲಿ ಜೋನ್ಸ್, ಕ್ರೈಸ್ತಧರ್ಮ ಈ ನೆಲದ್ದಾಗಲು ಏನು ಮಾಡಬೇಕೆಂದು ಗಾಂಧೀಜಿಯನ್ನು ಕೇಳಿದರು. ಅವರು ಹೇಳಿದ ನಾಲ್ಕರಲ್ಲಿ ಮೊದಲನೆಯದು, ಕ್ರೈಸ್ತರೆಲ್ಲ, ಮಿಷನರಿಗಳೂ ಸೇರಿ, ಯೇಸುವಿನಂತೆ ಬದುಕತೊಡಗಬೇಕು ಎಂಬುದು. ಎರಡನೆಯದು ಅದಕ್ಕಿಂತ ಅನಿರೀಕ್ಷಿತ: ನಿಮ್ಮ ಧರ್ಮಕ್ಕೆ ನೀರು ಬೆರೆಸಬೇಡಿ ಎಂಬುದು. ಜೋನ್ಸ್ ಇದನ್ನು 1925ರ ತಮ್ಮ ಪುಸ್ತಕದಲ್ಲಿ ಬರೆದು ಅಚ್ಚು ಹಾಕಿಸಿದರು. ತನ್ನ ಮೇಲಿನ ಟೀಕೆಯನ್ನು ತಾನೇ ಅಚ್ಚು ಹಾಕಿಸಿದ ಮಿಷನರಿ ಎಂದು ನನಗೆ ಅವರ ಮೇಲೆ ಗೌರವ.

ಆರೋಪ ಮಾಡುವವರೆಲ್ಲ ಗಣಿತದ ಮೇಷ್ಟ್ರ ಹಾಗೆ ಸಜ್ಜನರಲ್ಲ, ಒಪ್ಪುತ್ತೇನೆ. ಕೆಲವರಿಗೆ ನಮ್ಮ ಕಪಟಕ್ಕಿಂತ ನಾವು ಇರುವುದೇ ತೊಂದರೆ. 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ಕಲ್ಲು ಬಿದ್ದಾಗ ಅದು ಸತ್ಯಶೋಧನೆಯಾಗಿರಲಿಲ್ಲ. ಆದರೂ ದುರುದ್ದೇಶದವನ ಬಾಯಿಂದ ಬಂತೆಂದು ನಿಜ ಸುಳ್ಳಾಗುವುದಿಲ್ಲ. ಬಿಳಾಮ ಎಂಬ ಪ್ರವಾದಿ ದಾರಿ ತಪ್ಪಿದಾಗ ಅವನಿಗೆ ಬುದ್ಧಿ ಹೇಳಿದ್ದು ಅವನು ಏರಿದ್ದ ಕತ್ತೆ. ಯಾರನ್ನು ಕತ್ತೆ ಎನ್ನುತ್ತಿದ್ದೇನೆ ಎಂದು ನೀವು ಲೆಕ್ಕ ಹಾಕುವ ಮೊದಲು ಹೇಳುತ್ತೇನೆ, ಆ ಕತೆಯಲ್ಲಿ ನಮ್ಮ ಪಾತ್ರ ಬಿಳಾಮನದು.

ಒಪ್ಪಿಕೊಳ್ಳುವುದರಲ್ಲೂ ಒಂದು ಕಪಟ ಉಂಟು. ಬೇರೆಯವರ ತಪ್ಪನ್ನು ಒಪ್ಪುವುದು ಬಹಳ ಸುಲಭ. ಧರ್ಮಯುದ್ಧಗಳಿಗೆ, ಗುಲಾಮಗಿರಿಗೆ, ಯುರೋಪಿನವರ ದರ್ಪಕ್ಕೆ ನಾನು ಇಲ್ಲಿಂದಲೇ ಕ್ಷಮೆ ಕೇಳಬಲ್ಲೆ, ಖರ್ಚೇನೂ ಇಲ್ಲ. ಹತ್ತಿರ ಬಂದಷ್ಟೂ ಮಾತು ತೊದಲುತ್ತದೆ. ಹಿಟ್ಲರನ ಕಾಲದ ಬಗ್ಗೆ ಜರ್ಮನಿಯ ಪ್ರಾಟೆಸ್ಟೆಂಟ್ ಮುಖಂಡರು 1945ರ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ತಪ್ಪೊಪ್ಪಿಗೆಯ ಹೇಳಿಕೆ ಕೊಟ್ಟರು. ಅಷ್ಟಕ್ಕೇ ಅವರದೇ ಜನ ಅವರ ಮೇಲೆ ತಿರುಗಿಬಿದ್ದರು, ಆದರೆ ಅದರಲ್ಲಿ ಯೆಹೂದ್ಯರ ಹೆಸರೇ ಇರಲಿಲ್ಲ. ಅಮೆರಿಕದಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಜೀವನಕಥೆಯಲ್ಲಿ ಬರೆಯುತ್ತಾನೆ, ಅವನ ಯಜಮಾನ 1832ರ ಆಗಸ್ಟಿನಲ್ಲಿ ಮೆಥಡಿಸ್ಟರ ಪ್ರಾರ್ಥನಾಕೂಟಕ್ಕೆ ಹೋಗಿ ಭಕ್ತನಾಗಿ ಬಂದ, ಬಂದಮೇಲೆ ಇನ್ನೂ ಕ್ರೂರಿಯಾದ. ಡಗ್ಲಾಸ್ ಅದಕ್ಕೆ ಕ್ರಿಸ್ತನನ್ನು ಬಿಡಲಿಲ್ಲ, ಯಜಮಾನನ ಧರ್ಮ ಬೇರೆ, ಕ್ರಿಸ್ತನ ಧರ್ಮ ಬೇರೆ ಎಂದ. ಹಾಗೆ ಹೇಳುವ ಹಕ್ಕು ಚಾವಟಿ ತಿಂದವನಿಗೆ ಇತ್ತು. ಚಾವಟಿ ಹಿಡಿದ ಕಡೆಯವನು ಅದೇ ಮಾತನ್ನು ಎರವಲು ತಂದು, 'ನಮ್ಮನ್ನು ನೋಡಬೇಡಿ, ಯೇಸುವನ್ನು ನೋಡಿ' ಎಂದರೆ ಅದು ಬೇರೆಯೇ ಮಾತಾಗುತ್ತದೆ. ಸ್ಟಾಫ್ ರೂಮಿನಲ್ಲಿ ನಾನು ಮಾಡಿದ ತಪ್ಪು ಅದೇ.

ಹಾಗಾದರೆ ಹೇಗೆ ಒಪ್ಪುವುದು ಎಂದರೆ ಜೆರಿಕೊ ಊರಿನ ಸುಂಕದವನು ಜಕ್ಕಾಯ ನನ್ನ ಮಾದರಿ. ಗಿಡ್ಡ ಆಳು, ಯೇಸುವನ್ನು ನೋಡಲು ಮರ ಹತ್ತಿದವನು. ಊರಿನವರೆಲ್ಲ ಅವನನ್ನು ಪಾಪಿ ಎಂದು ಗೊಣಗಿದರು, ಅವನು ಒಬ್ಬರಿಗೂ ಎದುರುತ್ತರ ಕೊಡಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಅವನ ಉತ್ತರ ಲೆಕ್ಕದ ಪುಸ್ತಕದಲ್ಲಿತ್ತು. ಊರಿನವರು ಅದನ್ನು ಬೇಕಾದರೆ ಕೂಡಿ ಕಳೆದು ನೋಡಬಹುದಿತ್ತು. ಸುವಾರ್ತೆ ಸಾರುವವನನ್ನು ಕಪಟಿ ಎಂದಾಗ ಅವನು ತೋರಿಸಬೇಕಾದದ್ದು ಇಂಥ ಲೆಕ್ಕ. ಅದು ಕೈಯಲ್ಲಿ ಇಲ್ಲದಿದ್ದರೆ ಅಷ್ಟು ಹೊತ್ತು ಸುಮ್ಮನಿರುವುದು ಒಳ್ಳೆಯದು, ಪತ್ರಿಕೆಯಲ್ಲಿ ಉತ್ತರವೇ ಇಲ್ಲದ ಪೇತ್ರನ ಹಾಗೆ. ಕೊರಿಂಥದ ಸಭೆಯವರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋದಾಗ ಪೌಲ ಬರೆದ ಬುದ್ಧಿವಾದ ಕನ್ನಡ ಬೈಬಲಿನಲ್ಲಿ ಎಲ್ಲರಿಗೂ ಸಿಗುತ್ತದೆ. ಅನ್ಯಾಯವನ್ನು ಸಹಿಸಿಕೊಂಡರೂ ಪರವಾಗಿಲ್ಲ, ಅಲ್ಲಿಗೆ ಹೋಗಬೇಡಿ ಎಂಬ ತಾತ್ಪರ್ಯ. ನಮ್ಮ ವಕೀಲರು ಅದನ್ನು ಓದಿಲ್ಲದಿರಬಹುದು. ನಾವು ಓದಿದ್ದೇವೆ.

ಗಣಿತದ ಮೇಷ್ಟ್ರು ನಿವೃತ್ತರಾಗಿ ಮಕ್ಕಳ ಜೊತೆ ಬೇರೆ ಊರಿಗೆ ಹೋದರು. ಹೋಗುವ ಮೊದಲು ಒಂದು ಸಲವಾದರೂ ಅವರನ್ನು ಕೂರಿಸಿಕೊಂಡು, 'ಸಾರ್, ನೀವು ಹೇಳಿದ್ದು ಸರಿ, ಇಷ್ಟು ಕೇಸು ಇವೆ, ಅದರಲ್ಲಿ ಎರಡಕ್ಕೆ ನಾನೂ ಸಹಿ ಹಾಕಿದ್ದೇನೆ' ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಈಗ ಈ ಸಭೆಯ ಮುಂದೆ ಹೇಳುತ್ತಿದ್ದೇನೆ. ಎರಡಕ್ಕೆ ಸಹಿ ಹಾಕಿದ್ದೆ. ಒಂದರಿಂದ ನನ್ನ ಹೆಸರು ತೆಗೆಸಿದ್ದೇನೆ, ಇನ್ನೊಂದು ನಡೆಯುತ್ತಿದೆ.

ಇಲ್ಲಿರುವ ಕ್ರೈಸ್ತ ಬಂಧುಗಳಲ್ಲಿ ಒಂದು ಕೋರಿಕೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಸಭೆಯ ಕಾರ್ಯದರ್ಶಿಯನ್ನು ಎರಡು ಪ್ರಶ್ನೆ ಕೇಳಿ. ನಾವು ನಾವೇ ಒಬ್ಬರ ಮೇಲೊಬ್ಬರು ನಡೆಸುತ್ತಿರುವ ಮೊಕದ್ದಮೆ ಎಷ್ಟು? ಹೋದ ವರ್ಷ ಕಾಣಿಕೆ ತಟ್ಟೆಯ ಹಣದಲ್ಲಿ ವಕೀಲರಿಗೆ ಕೊಟ್ಟದ್ದೆಷ್ಟು? ಉತ್ತರವನ್ನು ಬರಹದಲ್ಲಿ ಕೇಳಿ, ಸೂಚನಾ ಫಲಕದಲ್ಲಿ ಹಾಕಿಸಿ. ನಮ್ಮ ಸಭೆಯಲ್ಲಿ ಕಳೆದ ಈಸ್ಟರ್ ಹಬ್ಬದ ವಾರದಲ್ಲಿ ನಾನು ಕೇಳಿದೆ. ಪತ್ರ ತಲುಪಿದೆ ಎಂದು ರಸೀದಿ ಬಂದಿದೆ.